ಬೋರ್ಡ್ ತಾತ ಹಿಂದೆ ಸರಿದಾಗ

ಅಂಗಡಿಗಳ ಬೋರ್ಡು ಬರೆಯುವವರಿಗೆ ಒಂದು ಅಭ್ಯಾಸ ಬಿಡದು. ಎರಡಕ್ಷರ ಬರೆದು, ಏಣಿಯಿಂದಿಳಿದು, ಹಿಂದಕ್ಕೆ ಹಿಂದಕ್ಕೆ ಸರಿದು ಅಂದ ನೋಡಬೇಕು. ಹಿಂದೆ ಇರುವುದೋ ರಸ್ತೆ. ಎಪ್ಪತ್ತು ದಾಟಿದ ಬೋರ್ಡ್ ತಾತ ನಲವತ್ತೈದು ವರ್ಷ ಹೀಗೆ ಸರಿದೂ ಗಟ್ಟಿಯಾಗಿದ್ದರು. ಈ ತಿಂಗಳು ಮಾತ್ರ ಎರಡು ಸಲ ಸ್ಕೂಟರು ಕೂದಲೆಳೆಯಲ್ಲಿ ತಪ್ಪಿತು. ಎರಡನೇ ಸಲ ಹಸಿರು ಬಣ್ಣದ ಡಬ್ಬಿ ರಸ್ತೆ ಪಾಲಾಯಿತು.

ಜೊತೆಗೇ ಕೆಲಸ ಮಾಡುವ ಮಗಳು ಕಡ್ಡಿ ಮುರಿದಂತೆ ಹೇಳಿದಳು: ಕಣ್ಣಿನ ಪರೀಕ್ಷೆ ಆಗುವ ತನಕ ಬ್ರಷ್ಷು ಮುಟ್ಟುವಂತಿಲ್ಲ. ಬ್ರಷ್ಷು ಬಿಟ್ಟು ತಾನು ಏನಾಗಿ ಉಳಿಯಬೇಕು? ಆ ಯೋಚನೆಗೇ ತಾತನಿಗೆ ಊಟ ಸೇರಲಿಲ್ಲ.

ಆರೋಗ್ಯ ಕೇಂದ್ರದಲ್ಲಿ ಅವರು ಕಡೇ ಸಾಲಿನ ಇರುವೆಯಂಥ ಅಕ್ಷರಗಳನ್ನೂ ಓದಿದರು. ಒಂದರ ಕೊಂಬು ಸೊಟ್ಟಗಿದೆಯೆಂದು ತಪ್ಪನ್ನೂ ಎತ್ತಿ, ಮಗಳತ್ತ ನೋಡಿ ಮೀಸೆ ತಿರುವಿದರು.

"ನನ್ನ ಕಣ್ಣು ನೆಟ್ಟಗಿದೆ. ಆ ಸ್ಕೂಟರಿನವನನ್ನ ಕರ್ಕೊಂಡು ಬಾ."

"ಕಣ್ಣು ಚೆನ್ನಾಗೇ ಇದೆ ತಾತ. ಆದರೆ ಕಣ್ಣಿಗೆ ಬಿದ್ದದ್ದೆಲ್ಲ ಗಮನಕ್ಕೆ ಬರಬೇಕಲ್ಲ," ಎಂದರು ನರ್ಸಮ್ಮ.

ಆಕೆ ಎದುರು ನಿಂತು ಎರಡೂ ಕೈ ಚಾಚಿದರು. ತನ್ನ ಮುಖವನ್ನೇ ನೋಡುತ್ತ, ಯಾವ ಕೈಯ ಬೆರಳು ಆಡಿತೆಂದು ಹೇಳಬೇಕೆಂದರು. ತಾತ ಒಂದೂ ತಪ್ಪಲಿಲ್ಲ. ಆಮೇಲೆ ಮಗಳು ನಡುವೆ ಒಂದು ಬರಹದ ಹಾಳೆ ಹಿಡಿದಳು. ಈಗ ಅದನ್ನು ಓದುತ್ತಲೇ ಬೆರಳು ಆಡಿದ್ದನ್ನೂ ಹೇಳಬೇಕು. ತಾತ ಹಾಳೆ ಓದಿ ಮುಗಿಸಿ, ಬೆರಳು ಆಡಲೇ ಇಲ್ಲವಲ್ಲ ಎಂದರು. ಮೂರು ಸಲ ಆಡಿತು ಎಂದಳು ಮಗಳು. ತಾತ ನರ್ಸಮ್ಮನತ್ತ ತಿರುಗಿದರು.

"ಅರವತ್ತಕ್ಕೆ ಅರಳು ಮರಳು ಅಂತಾರಲ್ಲಮ್ಮ, ಅದೇನಾ ಇದು?"

"ಖಂಡಿತ ಅಲ್ಲ. ಆರೋಗ್ಯವಾಗಿರೋರಿಗೂ ವಯಸ್ಸಾದಂತೆ ಹೀಗಾಗುತ್ತೆ. ಒಂದು ಕಡೆ ಗಮನ ನೆಟ್ಟರೆ ಪಕ್ಕದ್ದು ಜಾರುತ್ತೆ, ಗಮನ ಆ ಕಡೆ ಹೊರಳೋಕೆ ಸ್ವಲ್ಪ ಹೊತ್ತು ಬೇಕಾಗುತ್ತೆ. ಈಗ ಇನ್ನೊಂದು ಸಲ ಓದಿ, ಬೆರಳು ಆಡೋ ಕಡೆ ನಾನು ಮೊದಲೇ ಹೇಳ್ತೀನಿ. ಬಲಗಡೆ."

ತಾತ ಓದುತ್ತಲೇ ಇದ್ದರು. ಬಲಗಡೆಯ ಬೆರಳು ಆಡಿದ್ದು ಕಂಡಿತು. "ಎಡಗಡೆ" ಎಂದಾಗ ಎಡಗಡೆಯದೂ ಕಂಡಿತು. ಅದೇ ಕಣ್ಣು, ಅದೇ ಬೆರಳು, ಅಷ್ಟೇ ದೂರ. ಒಂದು ಮಾತು ಮೊದಲು ಕಿವಿಗೆ ಬಿದ್ದರೆ ಸಾಕು, ಇಲ್ಲದ ಬೆರಳು ಹುಟ್ಟಿ ಬರುತ್ತಿತ್ತು. ಎಪ್ಪತ್ತು ವರ್ಷ ಹೊತ್ತು ತಿರುಗಿದ ತಲೆಯೊಳಗೆ ಇಂಥ ಸೋಜಿಗ ಇದೆಯೆಂದು ಅವರಿಗೆ ಗೊತ್ತೇ ಇರಲಿಲ್ಲ. ಮೈ ಜುಮ್ಮೆಂದಿತು.

"ಇನ್ನೊಂದ್ಸಲ ಮಾಡಮ್ಮ," ಎಂದು ಮಗುವಿನ ಹಾಗೆ ಕೇಳಿದರು.

ಹಾಗಾದರೆ ಕೆಲಸ ಬಿಡಿಸಬೇಕೇ ಎಂದು ಮಗಳು ಕೇಳಿದಳು. ಬಿಡಿಸಬೇಡಿ, ಕ್ರಮ ಬದಲಿಸಿ ಎಂದ ನರ್ಸಮ್ಮ ಹೇಗೆಂದೂ ತಿಳಿಸಿದರು.

ಮರುದಿನ ಔಷಧಿ ಅಂಗಡಿಯ ಬೋರ್ಡು. ಏಣಿಯಿಂದಿಳಿದ ತಾತನ ಕಾಲು ತಾನಾಗಿ ಹಿಂದೆ ಸರಿಯಿತು. ತಕ್ಷಣ ನಿಂತರು. ಬ್ರಷ್ಷನ್ನು ಡಬ್ಬಿಯಲ್ಲಿಟ್ಟು, ಬೋರ್ಡಿಗೆ ಬೆನ್ನು ಮಾಡಿ, ಎರಡೂ ಕಡೆ ಕತ್ತು ಹೊರಳಿಸಿದರು.

"ಎಡಗಡೆ ಸೈಕಲ್ಲು," ಎಂದಳು ಮಗಳು.

ಬರುತ್ತಿತ್ತು. ನೀಲಿ ಅಂಗಿ, ತಿರುಗುವ ಚಕ್ರ, ಎಲ್ಲವೂ ಆಗಷ್ಟೇ ಬರೆದಷ್ಟು ಸ್ಪಷ್ಟ. ಅದು ಹೋಗುವವರೆಗೂ ತಾತ ಬೆರಗಾಗಿ ನೋಡಿದರು. ಅಕ್ಷರ ಹೇಗೆ ಬಂದಿದೆ ಎಂದು ಅಂಗಡಿಯವನು ಒಳಗಿಂದ ಅವಸರ ಮಾಡಿದ.

"ತಡಿಯಪ್ಪ," ಎಂದರು ತಾತ, "ಮೊದಲು ರಸ್ತೆ ನೋಡ್ತೀನಿ."

ಓದುತ್ತಿರುವವರೇ, ನಿಮ್ಮ ಮನೆಯ ಹಿರಿಯರು ಎಡವಿದರೆ, ಪಕ್ಕದ್ದಕ್ಕೆ ತಾಗಿದರೆ "ಕಣ್ಣು ಕಾಣಲ್ವಾ" ಎಂದು ಗದರಬೇಡಿ. ಮೊದಲು ಕಣ್ಣಿನ ಪರೀಕ್ಷೆ ಮಾಡಿಸಿ. ಓಡಾಡುವ ದಾರಿಯಲ್ಲಿ ಸಾಮಾನು ಕಡಿಮೆ ಮಾಡಿ. ರಸ್ತೆ ದಾಟುವಾಗ ಹರಟೆ, ಫೋನು ಎರಡೂ ನಿಲ್ಲಲಿ. ಒಮ್ಮೆಲೇ ಒಂದು ಪಕ್ಕ ಕಾಣದಂತಾದರೆ ಅದು ವಯಸ್ಸಿನದಲ್ಲ, ಆ ಕ್ಷಣವೇ ಆಸ್ಪತ್ರೆಗೆ ಕರೆದೊಯ್ಯಿರಿ. ಬರಿದೇ "ಹುಷಾರು" ಎಂದು ಕೂಗಿದರೆ ಅವರು ಯಾವ ಕಡೆ ನೋಡಬೇಕು? ಎಡವೋ ಬಲವೋ, ಅದನ್ನು ಮೊದಲೇ ಹೇಳಿ. ಅವರಿಗೆ ಕಾಣುತ್ತದೆ.