ಸಂಗಪ್ಪನ ಹೆಸರಿನಲ್ಲಿ ಬಡಿದ ರೊಟ್ಟಿ

ನಾನು ಕಂಪ್ಯೂಟರಿನ ಒಂದು ಮೌಸ್. ಹುಟ್ಟಿದ ಕಾರ್ಖಾನೆ ಎಲ್ಲಿಯದೋ ನೆನಪಿಲ್ಲ. ಡಬ್ಬಿ ಬಿಚ್ಚಿ ನನ್ನನ್ನು ಹೊರತೆಗೆದದ್ದು ವಿಜಯಪುರದ ಒಂದು ರೊಟ್ಟಿ ಕೇಂದ್ರದಲ್ಲಿ. ಅದನ್ನು ನಡೆಸುವ ಶಾಂತಾಬಾಯಿಯವರೇ ಲೆಕ್ಕವನ್ನೂ ಬರೆಯುತ್ತಿದ್ದರು. ನನ್ನ ಹೊಟ್ಟೆಗೆ ಜೋಳದ ಹಿಟ್ಟು ಮೆತ್ತಿದರೆ ಸೆರಗಿನ ತುದಿಯಿಂದ ಮೆಲ್ಲಗೆ ಒರೆಸುತ್ತಿದ್ದರು.

ಶನಿವಾರ ಕೂಲಿ ಕೊಡುವ ದಿನ. "ಯಾರ ಮನ್ಯಾಕಿ?" ಎಂದು ಅವರು ಕೇಳಿದರೆ, ಗಂಡನ ಹೆಸರು ಹೇಳಬಾರದೆಂದು ಹೆಂಗಸರು ತಲೆ ತಗ್ಗಿಸಿ ನಗುತ್ತಿದ್ದರು. ಹಿಂದೆ ನಿಂತವಳು "ಸಂಗಪ್ಪನ ಮನ್ಯಾಕಿ ರೀ" ಎಂದು ನೆರವಿಗೆ ಬರುತ್ತಿದ್ದಳು. ಲೆಕ್ಕದಲ್ಲಿ 'ಸಂಗಪ್ಪ' ಎಂದಷ್ಟೇ ಏರುತ್ತಿತ್ತು. ಇವರ ಕೂಲಿ, ಹಿಟ್ಟಿನ ಚೀಲ ಹೊರುವ ಹಮಾಲರ ಕೂಲಿ, ಎಲ್ಲವೂ 'ಇತರೆ ಖರ್ಚು'.

ಒಂದು ದಿನ ಸಂಗಪ್ಪನ ಹೆಂಡತಿ ಕಸ್ತೂರೆವ್ವನ ಬಲಗೈ ಹಂಚಿಗೆ ತಗುಲಿ ಸುಟ್ಟಿತು. ಗಾಯ ಮಾಯುತ್ತ ಬೆರಳುಗಳು ಒಂದಕ್ಕೊಂದು ಅಂಟಿಕೊಂಡವು. ಆಪರೇಷನ್‌ಗೆ ವಿಮೆ ಸಿಗಬೇಕಾದರೆ ಅವಳು ರೊಟ್ಟಿ ಕೆಲಸದವಳೆಂದು ಕೂಲಿಯ ಲೆಕ್ಕ ತೋರಿಸಬೇಕಿತ್ತು. ಕೊನೆಯ ದಿನ ಬಂದಿತ್ತು, ಅಂದು ಸಂಜೆಯೊಳಗೆ ಕೊಡಬೇಕು.

'ಇತರೆ ಖರ್ಚ'ನ್ನು 'ಹಮಾಲಿ', 'ರೊಟ್ಟಿ ಕೂಲಿ' ಎಂದು ಎರಡಾಗಿ ಬೇರ್ಪಡಿಸಲು ಹೊಸ ಅಕೌಂಟೆಂಟ್ ಪ್ರಭುಲಿಂಗ ಬಂದು ಕುಳಿತ. "ಒಂದೊಂದ ಯಾಕ್ರಿ ಅಕ್ಕಾರ, ಒಮ್ಮಿಗೇ ಎಲ್ಲಾ ಬದಲ ಮಾಡ್ತೀನಿ." ಗಂಡಸರ ಹೆಸರುಗಳನ್ನೆಲ್ಲ ಆರಿಸಿ 'ಹಮಾಲಿ'ಗೆ ಸೇರಿಸಿದ. ಒಂದೇ ಕ್ಲಿಕ್. ಆಮೇಲೆ 'ರೊಟ್ಟಿ ಕೂಲಿ' ತೆರೆದ.

ಸೊನ್ನೆ.

ಅವನು ನನ್ನ ಚಕ್ರವನ್ನು ಮೇಲೆ ಕೆಳಗೆ ತಿರುಗಿಸಿ ನೋಡಿದ. "ಇಷ್ಟು ರೊಟ್ಟಿ ಮಾರ್ಯಾವ, ಬಡದವ್ರು ಒಬ್ರೂ ಇಲ್ಲಲ್ರಿ?"

"ಎಲ್ಲಿ ಹಾಕಿದ್ಯೋ ಅವರ್ನ? ಸಂಗಪ್ಪ, ಈರಪ್ಪ..."

"ಅವರು ಹಮಾಲರಲ್ರಿ?"

"ಅವರ ಹೆಂಡ್ರು ತಮ್ಮಾ, ರೊಟ್ಟಿ ಬಡಿಯವ್ರು."

ಹಿಂದಕ್ಕೆ ತರುವ ದಾರಿ ಆ ಸಾಫ್ಟ್‌ವೇರಿನಲ್ಲಿ ಇರಲಿಲ್ಲ. ನಿಜವಾದ ಹಮಾಲರೂ ಅದೇ ರಾಶಿಯಲ್ಲಿ ಬೆರೆತಿದ್ದರು. ಶಾಂತಾಬಾಯಿ ಬಯ್ಯಲಿಲ್ಲ. ಅವನ ಮುಂದೆ ಚಹಾ ಇಟ್ಟು, ಹೆಂಗಸರಿಗೆ ಹೇಳಿಕಳಿಸಿದರು. ಹಿಟ್ಟಿನ ಕೈಯಲ್ಲೇ ಅವರು ಓಡಿಬಂದರು.

"ಗಂಡನ ಹೆಸರು ಬಾಜೂದಾಕಿ ಹೇಳಲಿ. ನಿನ್ನ ಹೆಸರು ನೀ ಹೇಳವ್ವ."

"ನಂದಾ?" ಎಂದಳು ಮೊದಲನೆಯವಳು, ತನ್ನನ್ನಲ್ಲವೇನೋ ಎಂಬಂತೆ ಹಿಂದೆ ತಿರುಗಿ ನೋಡಿ.

ಒಬ್ಬೊಬ್ಬರನ್ನೇ ಹಮಾಲರ ರಾಶಿಯಿಂದ ಹೊರತಂದೆವು. ಕೊನೆಗೆ ಕಸ್ತೂರೆವ್ವ, ಕೈಗೆ ಪಟ್ಟಿ ಸುತ್ತಿಕೊಂಡು ಬಂದಳು. ಪ್ರಭುಲಿಂಗ ಎದ್ದು ಕುರ್ಚಿ ಕೊಟ್ಟ, ನೀರಿನ ಲೋಟವನ್ನು ಅವಳ ಬಾಯಿಗೆ ತಾನೇ ಹಿಡಿದ. "ಕಸ್ತೂರಿ," ಎಂದಳು. ಸಂಜೆಯೊಳಗೆ ಹಾಳೆ ಅಚ್ಚಾಯಿತು. ಅದನ್ನು ಅಂಗಿಯೊಳಗಿಟ್ಟುಕೊಂಡು ಅವನು ವಿಮೆ ಕಚೇರಿಗೆ ಸೈಕಲ್ ತುಳಿದ.

ಆಪರೇಷನ್ ಆಗಿ ಅವಳ ಬೆರಳುಗಳು ಬಿಡಿಸಿಕೊಂಡವು. ಕಿರುಬೆರಳು ಮಾತ್ರ ಇನ್ನೂ ಪೂರ್ತಿ ಮಡಚುವುದಿಲ್ಲ.

ಈಗ ನನ್ನ ಚಕ್ರ ತಿರುಗುವುದಿಲ್ಲ. ಬಾಲವಿಲ್ಲದ ಹೊಸ ಮೌಸ್ ಬಂದಿದೆ. ನನ್ನನ್ನು ಎಸೆಯಲು ಮನಸ್ಸಾಗದೆ ಶಾಂತಾಬಾಯಿ ವೈರು ಸುತ್ತಿ ಕಿಟಕಿಯಲ್ಲಿಟ್ಟಿದ್ದಾರೆ. ಆ ದಿನ ಈಗಲೂ ನೆನಪಾಗುತ್ತದೆ. ಅಷ್ಟೂ ಹೆಂಗಸರು ಲೆಕ್ಕದಿಂದ ಇಲ್ಲವಾದಾಗ ನನ್ನಿಂದ ಹೊರಟದ್ದು ದಿನನಿತ್ಯದ ಅದೇ ಸಣ್ಣ ಸದ್ದು.

ಶನಿವಾರ ಸಾಲು ನಿಲ್ಲುತ್ತದೆ. ಇಲ್ಲಿಂದಲೇ ಕೇಳುತ್ತೇನೆ. ಕಸ್ತೂರೆವ್ವ ಸರದಿ ಬರುವ ಮೊದಲೇ ತನ್ನ ಹೆಸರು ಹೇಳಿಬಿಡುತ್ತಾಳೆ.