ಸಾಹೇಬರು ಕಚ್ಚಿದ ಪೇರಲ

ನಾನು ಒಂಬತ್ತು ವರ್ಷದಿಂದ ಅತಿಥಿ ಶಿಕ್ಷಕಿ. ಯಾವ ಮನೆಯಲ್ಲೂ ಅತಿಥಿಯನ್ನು ಅಷ್ಟು ದಿನ ಇಟ್ಟುಕೊಳ್ಳುವುದಿಲ್ಲ, ಹುಕ್ಕೇರಿ ತಾಲೂಕಿನ ಈ ಶಾಲೆ ಇಟ್ಟುಕೊಂಡಿದೆ. ಪ್ರತಿ ವರ್ಷ ಹೊಸದಾಗಿ ಅರ್ಜಿ ಹಾಕಬೇಕು, ಹೊಸದಾಗಿ ಹೆದರಬೇಕು.

ಈ ಸಲ ತಪಾಸಣೆಗೆ ಬರುವ ಸಾಹೇಬರಿಗೆ ಒಂದೇ ಹುಚ್ಚು. ಏಳನೇ ತರಗತಿಯ ಮಕ್ಕಳು ‘ವೇನ್ಲಿ’ ಎಂಬ ಇಂಗ್ಲಿಷ್ ಶಬ್ದ ಹಾಕಿ ಸ್ವಂತ ವಾಕ್ಯ ಮಾಡಬೇಕು, ಇಲ್ಲವಾದರೆ ಶಿಕ್ಷಕಿ ಮನೆಗೆ. ಮೂಡಲಗಿಯಲ್ಲಿದ್ದಾಗ ನನ್ನಂಥ ಇಬ್ಬರನ್ನು ಹಾಗೇ ಕಳಿಸಿದ್ದರಂತೆ. ಇದನ್ನು ಹೇಳಿದವರು ಹೆಡ್‌ಮಾಸ್ತರರಾದ ಸತ್ತೆಪ್ಪ ಸರ್. ನನಗೆ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ.

‘ವ್ಯರ್ಥವಾಗಿ’ ಎಂಬ ಅರ್ಥವನ್ನು ಮಕ್ಕಳು ಬಾಯಿಪಾಠ ಮಾಡಿದ್ದರು. ವಾಕ್ಯ ಕೇಳಿದರೆ ಗೋಡೆ ನೋಡುತ್ತಿದ್ದರು. ಸಿಟ್ಟಿಗೆದ್ದು ಭಾನುವಾರ ಗೋಕಾಕಕ್ಕೆ ಹೋದೆ. ಕಟ್ಟಿಗೆಯಲ್ಲಿ ಆಟಿಕೆ ಹಣ್ಣು ಮಾಡುವ ಮೆಹಬೂಬ ಕಾಕಾನಿಂದ ಬಾಳೆ, ಮಾವು, ಪೇರಲ ತಂದೆ. ಅವನ್ನು ನೋಡಿದರೆ ನೊಣವೂ ಮೋಸಹೋಗಬೇಕು.

“ಹಲ್ಲಿಗೆ ಏನರ ಆದ್ರ ನನ್ನ ಕೇಳಬ್ಯಾಡ್ರಿ, ಅಕ್ಕೋರ,” ಎಂದಿದ್ದ ಕಾಕಾ.

ಮರುದಿನ ತರಗತಿಯಲ್ಲಿ ಸೈಫಅಲಿಗೆ ಆ ಬಾಳೆಹಣ್ಣು ಕೊಟ್ಟು ಸುಲಿ ಎಂದೆ. ಹುಡುಗ ಹತ್ತು ನಿಮಿಷ ಒದ್ದಾಡಿದ. “ಇದ ನೋಡ್ರಿ ವೇನ್ಲಿ,” ಎಂದೆ. ಹಿಂದಿನ ಬೆಂಚಿಗೂ ತಿಳಿಯಿತು. ನನಗೆ ಕುಣಿಯುವಷ್ಟು ಖುಷಿ.

ಅಷ್ಟರಲ್ಲಿ ಸಾಹೇಬರು ತರಗತಿಗೆ ಬಂದೇಬಿಟ್ಟರು, ಎರಡು ದಿನ ಮೊದಲೇ. ಸಾಹೇಬರು ಕುಳಿತ ಕೂಡಲೇ ಮುಂದೆ ಹಣ್ಣಿನ ತಟ್ಟೆ ಇಡುವುದು ನಮ್ಮ ಶಾಲೆಯ ಪದ್ಧತಿ. ಸಂತೆ ಇದ್ದದ್ದು ಮರುದಿನ, ಶಾಲೆಯಲ್ಲಿ ಹಣ್ಣೇ ಇರಲಿಲ್ಲ. ಸತ್ತೆಪ್ಪ ಸರ್ ಹಿಂದೆಮುಂದೆ ನೋಡದೆ ನನ್ನ ಮೇಜಿನ ಮೇಲೆ ಕಟ್ಟಿಗೆ ಹಣ್ಣುಗಳಿದ್ದ ತಟ್ಟೆಯನ್ನೇ ಎತ್ತಿ ಅವರ ಮುಂದಿಟ್ಟರು.

“ಸರ್, ಅವು...”

“ಸುಮ್ನಿರ್ರಿ ಅಕ್ಕೋರ, ಸಾಹೇಬ್ರು ಹಸದು ಬಂದಾರ!”

ಮೂರು ಸಲ ಬಾಯಿ ತೆರೆದೆ. ಮೂರು ಸಲವೂ ಸತ್ತೆಪ್ಪ ಸರ್ ಕಣ್ಣು ಕೆಂಪಗೆ ಮಾಡಿದರು.

ಸಾಹೇಬರು ಪೇರಲ ಕಚ್ಚಿದರು. ಕಟ್ ಎಂದಿತು. ನಲವತ್ತು ಮಕ್ಕಳ ಮುಂದೆ ಮೋಸಹೋದೆ ಎಂದು ಯಾವ ಸಾಹೇಬರು ಒಪ್ಪುತ್ತಾರೆ?

“ಸ್ವಲ್ಪ ಕಾಯಿ ಐತಿ,” ಎಂದು ಮತ್ತೆ ಕಚ್ಚಿದರು.

“ಕಾಯಿನ ಚಲೋರಿ, ಪಚನಕ್ಕ,” ಎಂದರು ಸತ್ತೆಪ್ಪ ಸರ್.

ಸಾಹೇಬರು ಆ ಕಡೆಯಿಂದ ಕಚ್ಚಿದರು, ಈ ಕಡೆಯಿಂದ ಕಚ್ಚಿದರು. ತುಟಿಗೆ ಹಸಿರು ಬಣ್ಣ ಹತ್ತಿತು. ನನ್ನ ಕಥೆ ಮುಗಿಯಿತು ಎಂದುಕೊಂಡೆ. ಹಣ್ಣನ್ನು ಕೈಯಲ್ಲಿ ಹಿಡಿದೇ ಅವರು ಕೇಳಿದರು, “ವೇನ್ಲಿ. ವಾಕ್ಯ ಯಾರ ಹೇಳ್ತೀರಿ?”

ನಲವತ್ತು ಕೈ ಮೇಲೆದ್ದವು. ಒಂಬತ್ತು ವರ್ಷದಲ್ಲಿ ಅಷ್ಟು ಕೈ ನಾನು ಕಂಡಿರಲಿಲ್ಲ. ಮಹೆಕ ಎದ್ದು ನಿಂತಳು.

“ಸಾಹೇಬ್ ಈಸ್ ವೇನ್ಲಿ ಈಟಿಂಗ್ ಪೇರಲ!”

ಸತ್ತೆಪ್ಪ ಸರ್ ಕಿಟಕಿಯ ಸರಳು ಹಿಡಿದುಕೊಂಡರು. ಸಾಹೇಬರು ಹಣ್ಣು ತಿರುಗಿಸಿ ನೋಡಿದರು. ಬಣ್ಣ ಹೋದ ಕಡೆ ಕಟ್ಟಿಗೆ ಕಾಣುತ್ತಿತ್ತು.

“ವಾಕ್ಯ ಬರೋಬರಿ ಐತಿ,” ಎಂದವರೇ ನನ್ನ ಬಗ್ಗೆ ‘ಅನ್ನಪೂರ್ಣಾ ಮೇಡಂ ಇನ್ನೊಂದು ವರ್ಷ ಇರಲಿ’ ಎಂದು ಬರೆದು ಸಹಿ ಮಾಡಿದರು.

ಅದೇ ಧೈರ್ಯದಲ್ಲಿ ಕೇಳಿಯೇಬಿಟ್ಟೆ, “ಸಾಹೇಬ್ರ, ನನ್ನ ಕಾಯಂ ಯಾವಾಗ ಮಾಡ್ತೀರಿ? ಒಂಬತ್ತ ಅರ್ಜಿ ಕೊಟ್ಟೇನ್ರಿ.”

ಸಾಹೇಬರು ನಗಲಿಲ್ಲ. ಪೇರಲವನ್ನು ಕರವಸ್ತ್ರದಿಂದ ಒರೆಸಿ ನನ್ನ ಕೈಗಿಟ್ಟರು.

“ತಿನ್ರಿ,” ಎಂದರು.

ಅವರ ಮಾತು ಮೀರಲಾಗದೆ ನಾನು ಕಚ್ಚಿದೆ. ತರಗತಿಯಲ್ಲಿ ಹೊಸ ವಾಕ್ಯ ಹೇಳಲು ನಲವತ್ತು ಕೈಗಳು ಮತ್ತೆ ಮೇಲೆದ್ದವು.