ಮರ್ಡೊ ಕಟ್ಟಿದ ತಂಡ

"ಆ ಫೋನ್ ಮುಟ್ಟಿದ್ರೆ ನೋಡು!" ಮರ್ಡೊ ಅಡುಗೆಮನೆಯ ಮೇಜು ಗುದ್ದಿದ. ಚಹಾ ಚೆಲ್ಲಿತು.

"ಮುಟ್ತೀನಿ. ಏನ್ ಮಾಡ್ತೀಯ?" ಇಶ್ಬೆಲ್ ಬಗ್ಗಲಿಲ್ಲ. "ಮೂರಕ್ಕೆ ಬೆಟ್ಟ ಇಳ್ದಿರ್ತೀನಿ ಅಂದಿದ್ದ ಮಗ. ಐದಾಯ್ತು. ಹಿಮ ಅಡ್ಡಡ್ಡ ಹೊಡೀತಿದೆ, ಕಣ್ಣಿಲ್ವಾ?"

"ರಾನಲ್ಡ್ ಏನು ಗ್ಲಾಸ್ಗೋದಿಂದ ತೆಳು ಬೂಟು ಹಾಕ್ಕೊಂಡು ಬಂದ ಪ್ರವಾಸಿನಾ? ನನ್ನ ಮಗ ಕಣೇ. ಬರ್ತಾನೆ."

ಬೆಟ್ಟದಲ್ಲಿ ಸಿಕ್ಕಿಬಿದ್ದವರನ್ನು ಹೊತ್ತು ತರುವ ತಂಡವನ್ನು ಆ ಕಣಿವೆಯಲ್ಲಿ ಕಟ್ಟಿದವನೇ ಮರ್ಡೊ. ಕುರಿಯವರು, ಮೇಷ್ಟ್ರು, ಅಂಚೆಯವನು, ಎಲ್ಲರೂ ಕಾಸಿಲ್ಲದೆ ಬರುವವರು. ಹೊತ್ತು ಮೀರಿದರೆ ಕಾಯಬೇಡಿ, ಕರೆಯಿರಿ; ಒಬ್ಬರೇ ಹುಡುಕಲು ಹೋಗಬೇಡಿ ಎಂದು ಮೂವತ್ತು ವರ್ಷ ಚಾರಣಿಗರಿಗೆಲ್ಲ ಬಯ್ದು ಬಯ್ದು ಹೇಳಿದ್ದ. ಅದೆಲ್ಲ ಹೊರಗಿನವರಿಗೆ. ತಂಡದವರ ಮನೆಯಿಂದ ಇದುವರೆಗೆ ಒಂದು ಕರೆಯೂ ಹೋಗಿರಲಿಲ್ಲ.

"ಡೂಗೀ ತಂಡದ ಮುಖಂಡ ಅಂತ ನನ್ನ ಜಾಗಕ್ಕೆ ಬಂದು ಒಂದು ವರ್ಷ ಆಗಿಲ್ಲ. ಅವನ ಮುಂದೆ ನಾನು ತಲೆ ತಗ್ಗಿಸ್ಬೇಕಾ?"

"ಮಗನ ಹೆಣ ಮುಂದಿಟ್ಕೊಂಡು ನಿನ್ನ ಮರ್ಯಾದೆ ನೆಕ್ತಾ ಕೂತ್ಕೋ!"

ತಂಡವನ್ನು ಕರೆಸುವುದು ಪೊಲೀಸರು; ಇಶ್ಬೆಲ್ ಅವರಿಗೆ ಕರೆ ಮಾಡಿಯೇಬಿಟ್ಟಳು. ಯಾವ ದಾರಿ, ಯಾವ ಬಣ್ಣದ ಕೋಟು ಎಂದೆಲ್ಲ ಕೇಳಿದರು. ತಂಡ ಒಂದು ಗಂಟೆಯಲ್ಲಿ ಬೆಟ್ಟದ ಬುಡಕ್ಕೆ ಬರುತ್ತದೆ, ನೀವು ಫೋನಿನ ಹತ್ತಿರವೇ ಇರಿ ಎಂದರು.

ಅವಳು ತಿರುಗಿದಾಗ ಮರ್ಡೊ ಬೂಟಿನ ದಾರ ಬಿಗಿಯುತ್ತಿದ್ದ.

"ಅವರು ಹತ್ತೋಕೆ ಮುಂಚೆ ನಾನೇ ಕರ್ಕೊಂಡ್ ಬರ್ತೀನಿ."

"ಅರವತ್ತಾರು ನಿಂಗೆ! ಆ ಮೊಣಕಾಲು ಇಟ್ಕೊಂಡು..."

"ಬಾಯ್ಮುಚ್ಚು. ಸೂಪ್ ಬಿಸಿ ಮಾಡಿಡು."

ಬಾಗಿಲು ಬಡಿದುಕೊಂಡಿತು. ಒಳಬಿದ್ದ ಹಿಡಿ ಹಿಮ ನೆಲದ ಮೇಲೆ ಕರಗಿತು.

ಎಂಟಕ್ಕೆ ತಂಡದವರು ರಾನಲ್ಡನನ್ನು ಹೊತ್ತು ತಂದರು. ಕಾಲಿನ ಗಿಣ್ಣು ಮುರಿದಿತ್ತು. ಬಂಡೆಯ ಮರೆಯಲ್ಲಿ, ಚಾರಣಿಗರು ಚಳಿಗೆಂದು ಒಯ್ಯುವ ಆಳುದ್ದದ ಪ್ಲಾಸ್ಟಿಕ್ ಚೀಲದೊಳಗೆ ಕೂತು, ಸಹಾಯ ಕೇಳುವ ಸಂಕೇತವಾಗಿ ನಿಮಿಷಕ್ಕೆ ಆರು ಸಲ ಸೀಟಿ ಊದುತ್ತ ಬದುಕಿದ್ದ.

"ಅಪ್ಪ ಎಲ್ಲಮ್ಮ?"

ಇಶ್ಬೆಲ್ ಡೂಗೀಯ ಮುಖ ನೋಡಿದಳು. "ನಿಮಗೆ ಸಿಗ್ಲಿಲ್ವಾ?"

"ಆರೂಕಾಲಿಗೆ ನನ್ನ ಸೀಟಿಗೆ ಉತ್ತರ ಬಂತು," ರಾನಲ್ಡ್ ನಡುಗುತ್ತ ಹೇಳಿದ. "ಮೂರು ಸೀಟಿ. ಕೇಳಿಸ್ತು, ಬರ್ತಿದೀವಿ ಅಂತ. ತುಂಬ ಹತ್ರ, ಮೇಲಿನ ಅಂಚಿಂದ. ತಂಡದವರೇ ಅನ್ಕೊಂಡೆ. ಆಮೇಲೆ ಎಷ್ಟು ಊದಿದ್ರೂ ಏನೂ ಇಲ್ಲ."

ಡೂಗೀ ಟೋಪಿ ತೆಗೆದ. "ಆರೂಕಾಲಿಗೆ ನಾವಿನ್ನೂ ವ್ಯಾನಿಂದ ಹಗ್ಗ ಇಳಿಸ್ತಿದ್ವಿ, ಇಶ್ಬೆಲ್."

ಅವರು ಆಗಲೇ ಮತ್ತೆ ಬೆಟ್ಟ ಹತ್ತಿದರು. ಮೇಲಿನ ಅಂಚಿನಿಂದ ಆಚೆಯ ಕಮರಿಯ ಮೇಲೆ ಚಾಚಿಕೊಂಡಿದ್ದ ಹಿಮ ಒಂದು ಕಡೆ ಆಳುದ್ದ ಮುರಿದುಬಿದ್ದಿತ್ತು. ನಾಯಿಗಳನ್ನು ತಂದು ಹನ್ನೊಂದು ದಿನ ಹುಡುಕಿದರು. ಮರ್ಡೊ ಮನೆಗೆ ಬರಲಿಲ್ಲ.